ಲೆಕ್ಕ ಕೇಳುವವರು ಯಾರು? ನಾರಾಯಣಪುರದ ಕಡೆಯಿಂದ ಟ್ರಸ್ಟ್ ಕಾನೂನಿನ ವಿಮರ್ಶೆ

1841ರಲ್ಲಿ ಆಂಗ್ಲ ಅಧಿಕಾರಿ ಫಿಲಿಪ್ ಮೆಡೋಸ್ ಟೇಲರ್ ಸುರಪುರಕ್ಕೆ ಬಂದಾಗ ಆ ಸಂಸ್ಥಾನದ ವಾರಸುದಾರ ವೆಂಕಟಪ್ಪ ನಾಯಕ ಇನ್ನೂ ಚಿಕ್ಕ ಹುಡುಗ. ಸಂಸ್ಥಾನದ ತಲೆಯ ಮೇಲೆ ಸಾಲ, ಅರಮನೆಯೊಳಗೆ ಅಧಿಕಾರಕ್ಕಾಗಿ ತಿಕ್ಕಾಟ. ಹುಡುಗ ಪ್ರಾಯಕ್ಕೆ ಬರುವ ತನಕ ಆಡಳಿತ ನೋಡಿಕೊಳ್ಳುವ ಕೆಲಸ ಟೇಲರನ ಪಾಲಿಗೆ ಬಂತು. 1853ರಲ್ಲಿ ಅವನು ರಾಜ್ಯವನ್ನು ವೆಂಕಟಪ್ಪ ನಾಯಕನಿಗೆ ಒಪ್ಪಿಸಿ ಹೊರಟ. ಅಷ್ಟು ವರ್ಷ ಕಂದಾಯವೂ ಖಜಾನೆಯೂ ಅವನ ಕೈಯಲ್ಲಿದ್ದವು, ಆದರೆ ಅದರಲ್ಲಿ ಒಂದು ದುಡ್ಡೂ ಅವನದಾಗಿರಲಿಲ್ಲ. ಸುರಪುರದ ಗುಡ್ಡದ ಮೇಲೆ ಅವನು ಕಟ್ಟಿಸಿದ ಬಂಗಲೆಯನ್ನು ಜನ ಇಂದಿಗೂ ಟೇಲರ್ ಮಂಜಿಲ್ ಎನ್ನುತ್ತಾರೆ.

ಟೇಲರ್ ಕಾನೂನಿನ ಅರ್ಥದಲ್ಲಿ ಟ್ರಸ್ಟಿ ಅಲ್ಲ. ಆದರೂ ಅವನಿದ್ದ ಸ್ಥಾನದಲ್ಲಿ ಟ್ರಸ್ಟಿನ ಮೂಲ ರೂಪ ಸ್ಪಷ್ಟವಾಗಿ ಕಾಣುತ್ತದೆ. ಆಸ್ತಿ ಮತ್ತು ಅಧಿಕಾರ ಒಬ್ಬನ ಕೈಯಲ್ಲಿ, ಅದರ ಫಲ ಇನ್ನೊಬ್ಬನಿಗೆ, ನಡುವೆ ಲೆಕ್ಕ ಒಪ್ಪಿಸುವ ಹೊಣೆ. ಆ ಲೆಕ್ಕ ಹೋದದ್ದು ಹೈದರಾಬಾದಿನ ಬ್ರಿಟಿಷ್ ರೆಸಿಡೆಂಟನಿಗೆ. ತೆರಿಗೆ ಕೊಟ್ಟ ಸುರಪುರ ಸೀಮೆಯ ರೈತ ಅದನ್ನು ನೋಡಲಿಲ್ಲ, ನೋಡಬೇಕೆಂದು ಕೇಳುವ ಹಕ್ಕೂ ಅವನಿಗಿರಲಿಲ್ಲ. ನೂರಾ ಎಪ್ಪತ್ತು ವರ್ಷಗಳ ಬಳಿಕವೂ ಕರ್ನಾಟಕದ ಟ್ರಸ್ಟುಗಳನ್ನು ತೂಗಿ ನೋಡಲು ಹೊರಟರೆ ಮೊದಲು ಕೇಳಬೇಕಾದ ಪ್ರಶ್ನೆ ಅದೇ: ಲೆಕ್ಕ ಕೇಳುವವರು ಯಾರು?

ಕೃಷ್ಣೆಗೆ ಬಸವಸಾಗರ ಜಲಾಶಯ ಕಟ್ಟಿರುವ ನಾರಾಯಣಪುರ, ಹಿಂದೆ ಸುರಪುರ ತಾಲೂಕಿನಲ್ಲಿದ್ದು ಈಗ ಹುಣಸಗಿ ತಾಲೂಕಿಗೆ ಸೇರಿದ ಊರು. ಅಲ್ಲಿಂದ ಶಹಾಪುರದ ತನಕ ರಸ್ತೆಯ ಎರಡೂ ಬದಿ ಕಣ್ಣಾಡಿಸುತ್ತ ಹೋದರೆ ಶಾಲೆ, ಮಠ, ಕಲ್ಯಾಣ ಮಂಟಪ, ದರ್ಗಾ, ಆಸ್ಪತ್ರೆ ಎಂದು ಟ್ರಸ್ಟ್ ಎಂಬ ಪದ ಹೊತ್ತ ಫಲಕಗಳು ಕಾಣುತ್ತಲೇ ಇರುತ್ತವೆ. ಜನರಿಗೆ ಇವೆಲ್ಲ ಒಂದೇ. ಕಾನೂನಿಗೆ ಮಾತ್ರ ಇವುಗಳಲ್ಲಿ ಕೆಲವು ಟ್ರಸ್ಟುಗಳೇ ಅಲ್ಲ. ಕೆಲವಕ್ಕೆ ಒಂದು ಕಾನೂನು ಅನ್ವಯಿಸಿದರೆ ಇನ್ನು ಕೆಲವಕ್ಕೆ ಬೇರೆಯದು, ಮತ್ತೆ ಕೆಲವಕ್ಕೆ ಹೆಚ್ಚುಕಡಿಮೆ ಯಾವುದೂ ಇಲ್ಲ.

ಮೊದಲು ಮೂಲ ಕೃತಿಯನ್ನೇ ನೋಡಬೇಕು. 1882ರ ಭಾರತೀಯ ಟ್ರಸ್ಟ್ ಕಾಯಿದೆಯನ್ನು ಒಂದು ಬರವಣಿಗೆ ಎಂದುಕೊಂಡು ಓದಿದರೂ ಅದಕ್ಕೆ ಮೆಚ್ಚುಗೆ ಸಲ್ಲಬೇಕು. ಇಂಗ್ಲೆಂಡಿನಲ್ಲಿ ಶತಮಾನಗಳ ತೀರ್ಪುಗಳಲ್ಲಿ ಚದುರಿಹೋಗಿದ್ದ ತತ್ವಗಳನ್ನು ನೂರಕ್ಕೂ ಕಡಿಮೆ ಕಲಮುಗಳಲ್ಲಿ ಹಿಡಿದಿಟ್ಟ ಕಾಯಿದೆ ಅದು. ಟ್ರಸ್ಟ್ ಅಂದರೆ ಆಸ್ತಿಯ ಒಡೆತನಕ್ಕೆ ಅಂಟಿಕೊಂಡ ಒಂದು ಹೊಣೆ ಎನ್ನುತ್ತದೆ ಅದರ 3ನೇ ಕಲಂ. ಒಬ್ಬರು ನಂಬಿ ಆಸ್ತಿ ಒಪ್ಪಿಸುತ್ತಾರೆ, ಇನ್ನೊಬ್ಬರು ಆ ನಂಬಿಕೆಯನ್ನು ಒಪ್ಪಿಕೊಂಡು ಅದನ್ನು ಮೂರನೆಯವರ ಒಳಿತಿಗಾಗಿ ನೋಡಿಕೊಳ್ಳುತ್ತಾರೆ. ಆಸ್ತಿ ಕಾಗದದ ಮೇಲೆ ಟ್ರಸ್ಟಿಯ ಹೆಸರಿನಲ್ಲೇ ಇರುತ್ತದೆ, ಏಕೆಂದರೆ ಕಂಪನಿಯ ಹಾಗೆ ಟ್ರಸ್ಟ್‌ಗೆ ತನ್ನದೇ ಆದ ಕಾನೂನು ವ್ಯಕ್ತಿತ್ವ ಇಲ್ಲ. ಈ ಒಂದು ಸಂಗತಿ ತಿಳಿಯದೆ ಎಷ್ಟೋ ಕುಟುಂಬಗಳು ಪಹಣಿಯಲ್ಲಿ ಯಾರ ಹೆಸರು ಬರಬೇಕು ಎಂಬ ಜಗಳಕ್ಕೆ ಬೀಳುತ್ತವೆ.

ಕಾಯಿದೆಯ ನಿಜವಾದ ಸೊಗಸು ಅದರ ಉದಾಹರಣೆಗಳಲ್ಲಿದೆ. ಟ್ರಸ್ಟ್ ಹುಟ್ಟಬೇಕಾದರೆ ಉದ್ದೇಶ, ಆಸ್ತಿ, ಫಲಾನುಭವಿ ಎಲ್ಲವೂ ಖಚಿತವಾಗಿರಬೇಕು ಎಂಬ 6ನೇ ಕಲಮಿನ ಕೆಳಗೆ ಪುಟ್ಟ ಪುಟ್ಟ ಪ್ರಸಂಗಗಳಿವೆ. ಇದನ್ನು ಇಂಥವರ ಒಳಿತಿಗೇ ಬಳಸುತ್ತಾನೆಂಬ ಪೂರ್ತಿ ಭರವಸೆಯಿಂದ ಕೊಟ್ಟಿದ್ದೇನೆ ಎಂದು ಮರಣಪತ್ರದಲ್ಲಿ ಬರೆದರೆ ಟ್ರಸ್ಟ್ ಹುಟ್ಟುತ್ತದೆ. ಮನೆತನದಲ್ಲೇ ಉಳಿಸಿಕೊಳ್ಳುತ್ತಾನೆಂಬ ಆಸೆಯಿಂದ ಕೊಟ್ಟಿದ್ದೇನೆ ಎಂದು ಬರೆದರೆ ಹುಟ್ಟುವುದಿಲ್ಲ, ಯಾಕೆಂದರೆ ಫಲ ಯಾರಿಗೆ ಎಂಬುದು ಅದರಲ್ಲಿ ಖಚಿತವಿಲ್ಲ. ಆಸ್ತಿಯ ಬಹುಪಾಲನ್ನು ಇಂಥವರ ಮಕ್ಕಳಿಗೆ ಹಂಚಲಿ ಎಂದರೂ ಆಗದು. ಬಹುಪಾಲು ಅಂದರೆ ಎಷ್ಟು? ಕುಟುಂಬದ ಹಿರಿಯರು ಮರಣಪತ್ರ ಬರೆಸುವಾಗ ಸಹಜವಾಗಿ ಆಡುವ ಮಾತುಗಳೇ ಇವು. ಅಲ್ಲಿ ಎಡವದಂತೆ ಕಾಯಿದೆ ಮೊದಲೇ ಕೈಹಿಡಿದು ತೋರಿಸಿದೆ.

ಟ್ರಸ್ಟಿಯ ಮೇಲೆ ಅದು ಹೇರುವ ಕಟ್ಟುಪಾಡುಗಳೂ ಅಷ್ಟೇ ಬಿಗಿ. ಒಮ್ಮೆ ಒಪ್ಪಿಕೊಂಡ ಮೇಲೆ ಮನಸ್ಸು ಬಂದಾಗ ಕೈಬಿಡುವಂತಿಲ್ಲ. ತನ್ನ ಕೆಲಸವನ್ನು ಇನ್ನೊಬ್ಬನಿಗೆ ವಹಿಸಿ ಕೂಡುವಂತಿಲ್ಲ. ತನ್ನ ಸ್ವಂತ ಹಣವನ್ನು ಸಾಮಾನ್ಯ ವಿವೇಕವುಳ್ಳ ಮನುಷ್ಯ ಹೇಗೆ ಜೋಪಾನ ಮಾಡುತ್ತಾನೋ ಹಾಗೆ ಈ ಹಣವನ್ನೂ ಮಾಡಬೇಕು. ಅದರಿಂದ ತನಗೆ ಲಾಭ ಮಾಡಿಕೊಳ್ಳುವಂತಿಲ್ಲ. ಹಲವು ಟ್ರಸ್ಟಿಗಳಿದ್ದರೆ, ಪತ್ರ ಬೇರೆ ಹೇಳದಿದ್ದಲ್ಲಿ, ಎಲ್ಲರೂ ಸೇರಿಯೇ ತೀರ್ಮಾನಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಫಲಾನುಭವಿ ಕೇಳಿದಾಗ ಲೆಕ್ಕ ತೋರಿಸಬೇಕು, ಕಾಗದಪತ್ರ ನೋಡಲು ಬಿಡಬೇಕು.

ಆದರೆ ಈ ಕಾಯಿದೆಗೆ ವಯಸ್ಸಾದದ್ದು ಹೂಡಿಕೆಯ ಕಲಮಿನಲ್ಲಿ ಎದ್ದು ಕಾಣುತ್ತಿತ್ತು. ಟ್ರಸ್ಟಿನ ಹಣವನ್ನು ಎಲ್ಲೆಲ್ಲಿ ತೊಡಗಿಸಬಹುದು ಎಂಬ 20ನೇ ಕಲಮಿನ ಪಟ್ಟಿಯಲ್ಲಿ ಬ್ರಿಟನ್ನಿನ ಸಾಲಪತ್ರಗಳೂ ರಂಗೂನ್ ಮತ್ತು ಕರಾಚಿಯ ಹೆಸರುಗಳೂ ಸ್ವಾತಂತ್ರ್ಯ ಬಂದು ದಶಕಗಳಾದರೂ ಕೂತಿದ್ದವು. ಅದನ್ನು ಬದಲಿಸುವ ತಿದ್ದುಪಡಿ ಬಂದದ್ದು 2016ರಲ್ಲಿ. ಸಂಸತ್ತು ಈ ಕಾಯಿದೆಯನ್ನು ಎಷ್ಟರ ಮಟ್ಟಿಗೆ ಮರೆತಿತ್ತು ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ಖಾಸಗಿ ಟ್ರಸ್ಟಿನಲ್ಲಿ ಈ ಕಾಯಿದೆ ಇವತ್ತಿಗೂ ಚೆನ್ನಾಗಿ ಕೆಲಸ ಮಾಡುತ್ತದೆ. ಬುದ್ಧಿಮಾಂದ್ಯ ಮಗುವಿರುವ ತಂದೆತಾಯಿಯನ್ನು ನೆನೆದುಕೊಂಡರೆ ಅದರ ಬೆಲೆ ಗೊತ್ತಾಗುತ್ತದೆ. ತಾವು ಹೋದ ಮೇಲೆ ಆ ಮಗುವಿನ ಹೆಸರಿಗೆ ನೇರ ಆಸ್ತಿ ಬರೆದರೆ ಅದಕ್ಕೆ ಸಂಭಾಳಿಸಲು ಬಾರದು, ಅಣ್ಣತಮ್ಮಂದಿರಿಗೆ ಬರೆದರೆ ನೋಡಿಕೊಂಡಾರೆಂಬ ಖಾತರಿ ಇಲ್ಲ. ಟ್ರಸ್ಟ್ ಮಾಡಿದರೆ ಆಸ್ತಿ ಒಬ್ಬರ ಕೈಯಲ್ಲಿದ್ದರೂ ಅದರ ಮೇಲಿನ ಹಕ್ಕು ಮಗುವಿನದು. ಯಾರಿಗೆ ಎಷ್ಟು ಪಾಲು ಎಂದು ಪತ್ರದಲ್ಲೇ ಬರೆದಿಟ್ಟರೆ ಅದು ನಿಶ್ಚಿತ ಟ್ರಸ್ಟ್. ಹೊತ್ತು ನೋಡಿ ಅಗತ್ಯ ನೋಡಿ ಕೊಡಿ ಎಂದು ಟ್ರಸ್ಟಿಯ ವಿವೇಚನೆಗೆ ಬಿಟ್ಟರೆ ವಿವೇಚನಾ ಟ್ರಸ್ಟ್. ಎರಡನೆಯದರಲ್ಲಿ ಸವಲತ್ತು ಹೆಚ್ಚು, ಸಾಮಾನ್ಯವಾಗಿ ಆದಾಯ ತೆರಿಗೆಯೂ ಗರಿಷ್ಠ ದರದ್ದು. ಬೇಕಾದಾಗ ರದ್ದು ಮಾಡುವ ಹಕ್ಕನ್ನು ಕೊಟ್ಟವರು ಉಳಿಸಿಕೊಂಡ ಟ್ರಸ್ಟುಗಳಿವೆ, ಕೊಟ್ಟ ಮೇಲೆ ಕೊಟ್ಟಂತೆಯೇ ಆದವೂ ಇವೆ. ಜೀವಂತ ಇರುವಾಗಲೇ ಮಾಡಬಹುದು, ಮರಣಪತ್ರದ ಮೂಲಕವೂ ಮಾಡಬಹುದು. ಹೊಲ, ಮನೆ ಇದ್ದರೆ ಪತ್ರ ನೋಂದಣಿಯಾಗಲೇಬೇಕು. ಮರಣಪತ್ರಕ್ಕೆ ಮಾತ್ರ ಆ ಕಡ್ಡಾಯ ಇಲ್ಲ. ತಲೆತಲಾಂತರಕ್ಕೂ ಆಸ್ತಿಯನ್ನು ಕಟ್ಟಿಹಾಕಲು ಖಾಸಗಿ ಟ್ರಸ್ಟಿಗೆ ಅವಕಾಶವಿಲ್ಲ. ಬದುಕಿರುವವರ ಆಯುಷ್ಯ, ಅದರ ಮೇಲೆ ಮುಂದಿನ ಮಗು ಪ್ರಾಯಕ್ಕೆ ಬರುವಷ್ಟು ಕಾಲ, ಅಷ್ಟೇ ಮಿತಿ.

ನಾರಾಯಣಪುರದ ಯುವಕನೊಬ್ಬ ಮೊಬೈಲಿನಲ್ಲಿ ತಿಂಗಳಿಗೆ ಐನೂರು ರೂಪಾಯಿ ಮ್ಯೂಚುವಲ್ ಫಂಡಿಗೆ ಕಟ್ಟುತ್ತಿದ್ದರೆ ಅವನೂ ಒಂದು ಟ್ರಸ್ಟಿನ ಫಲಾನುಭವಿಯೇ. ನಮ್ಮ ದೇಶದ ಮ್ಯೂಚುವಲ್ ಫಂಡುಗಳು ಟ್ರಸ್ಟುಗಳಾಗಿಯೇ ರಚನೆಯಾಗುತ್ತವೆ. 2019ರಲ್ಲಿ ಷೇರುಪೇಟೆಗೆ ಬಂದ ದೇಶದ ಮೊದಲ ರಿಯಲ್ ಎಸ್ಟೇಟ್ ಹೂಡಿಕೆ ಟ್ರಸ್ಟ್, ಬೆಂಗಳೂರಿನ ಎಂಬೆಸಿ ಆಫೀಸ್ ಪಾರ್ಕ್ಸ್ ಕೂಡ ಇದೇ ಜಾತಿ. ಅವುಗಳ ಮೇಲೆ ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿಯ ಕಣ್ಣಿದೆ, ಲೆಕ್ಕ ಕಾಲಕಾಲಕ್ಕೆ ಪ್ರಕಟವಾಗುತ್ತದೆ. ಅಲ್ಲಿ ಚಿಂತೆ ಕಡಿಮೆ.

ತೊಂದರೆ ಶುರುವಾಗುವುದು ಸಾರ್ವಜನಿಕ ಟ್ರಸ್ಟಿನ ಹೊಸ್ತಿಲಲ್ಲಿ. ಮೇಲೆ ಹೊಗಳಿದ 1882ರ ಕಾಯಿದೆಯೇ ತನ್ನ ಮೊದಲ ಕಲಮಿನಲ್ಲಿ ವಕ್ಫ್ ಮತ್ತು ಧಾರ್ಮಿಕ, ಧರ್ಮಾದಾಯ ದತ್ತಿಗಳನ್ನು ಹೊರಗಿಟ್ಟಿದೆ. ಆದರೂ ಊರೂರಲ್ಲಿ ಶಾಲೆ, ಅನ್ನದಾಸೋಹ, ಅನಾಥಾಶ್ರಮಕ್ಕೆಂದು ಬರೆಸುವ ಪತ್ರಗಳ ತಲೆಯ ಮೇಲೆ 1882ರ ಕಾಯಿದೆ ಪ್ರಕಾರ ಎಂಬ ಸಾಲು ರಾರಾಜಿಸುತ್ತದೆ. ಬರೆಯುವವರು ಹಳೆಯ ಮಾದರಿಯಿಂದ ಎತ್ತಿಕೊಳ್ಳುತ್ತಾರೆ, ಬರೆಸುವವರು ಓದದೆ ಸಹಿ ಮಾಡುತ್ತಾರೆ. ನ್ಯಾಯಾಲಯಗಳು ಆ ಕಾಯಿದೆಯ ತತ್ವಗಳನ್ನು ಸಾರ್ವಜನಿಕ ಟ್ರಸ್ಟುಗಳಿಗೂ ಎರವಲು ತಂದು ಅನ್ವಯಿಸುವುದರಿಂದ ಪೂರ್ತಿ ಅನಾಹುತ ಆಗುವುದಿಲ್ಲ. ಆದರೆ ಒಂದು ದೊಡ್ಡ ವ್ಯತ್ಯಾಸ ಉಳಿದೇಬಿಡುತ್ತದೆ. ಖಾಸಗಿ ಟ್ರಸ್ಟಿನಲ್ಲಿ ಫಲಾನುಭವಿಗೆ ಹೆಸರಿದೆ, ಅವನು ಬಾಗಿಲು ತಟ್ಟಿ ಲೆಕ್ಕ ಕೇಳಬಲ್ಲ. ಬಡ ಮಕ್ಕಳ ವಿದ್ಯಾಭ್ಯಾಸಕ್ಕೆ ಎಂದು ಬರೆದ ಟ್ರಸ್ಟಿನಲ್ಲಿ ಆ ಬಡ ಮಗು ಯಾರು? ಎಲ್ಲರೂ ಹೌದು, ಆದ್ದರಿಂದ ಯಾರೂ ಅಲ್ಲ.

ಇಂಥ ಟ್ರಸ್ಟಿನ ಮೇಲೆ ದೂರು ಇದ್ದವರಿಗೆ ಕಾನೂನು ಕೊಟ್ಟಿರುವ ಮುಖ್ಯ ದಾರಿ ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಕಲಂ. ಟ್ರಸ್ಟಿನಲ್ಲಿ ಆಸಕ್ತಿ ಉಳ್ಳ ಕನಿಷ್ಠ ಇಬ್ಬರು ಸೇರಿ, ಮೊದಲು ನ್ಯಾಯಾಲಯದ ಅನುಮತಿ ಪಡೆದು, ಆಮೇಲೆ ದಾವೆ ಹೂಡಬೇಕು. ಟ್ರಸ್ಟಿಯನ್ನು ತೆಗೆಯುವುದು, ಹೊಸಬರನ್ನು ನೇಮಿಸುವುದು, ಲೆಕ್ಕ ಕೊಡಿಸುವುದು, ಆಡಳಿತಕ್ಕೊಂದು ಯೋಜನೆ ಹಾಕಿಕೊಡುವುದು, ಎಲ್ಲ ಅಲ್ಲಿ ಸಾಧ್ಯ. ಟ್ರಸ್ಟಿಗಳಿಗೆ ವಿನಾಕಾರಣ ಕಿರುಕುಳ ಆಗದಿರಲೆಂದು ಅನುಮತಿಯ ಬೇಲಿ ಹಾಕಿರುವುದು ತಪ್ಪಲ್ಲ. ಆದರೆ ನಾರಾಯಣಪುರದಿಂದ ಯಾದಗಿರಿಯ ಜಿಲ್ಲಾ ನ್ಯಾಯಾಲಯಕ್ಕೆ ಸುಮಾರು ನೂರು ಕಿಲೋಮೀಟರು. ಊರಿನ ಪ್ರಭಾವಿ ಮನೆತನದ ಎದುರು, ತನಗೆ ಬಿಡಿಗಾಸೂ ಸಿಗದ ದಾವೆಗೆ, ಕೈಯಿಂದ ವಕೀಲರ ಫೀಸು ಕೊಟ್ಟು ವರ್ಷಗಟ್ಟಲೆ ಓಡಾಡುವ ಇಬ್ಬರನ್ನು ಹುಡುಕುವುದು ಸುಲಭವಲ್ಲ. ಹಕ್ಕು ಪುಸ್ತಕದಲ್ಲಿದೆ, ಬಳಕೆಗೆ ಬರುವುದು ಅಪರೂಪ.

ಪಕ್ಕದ ಮಹಾರಾಷ್ಟ್ರದಲ್ಲಿ ಹೀಗಿಲ್ಲ. ಕನ್ನಡ ಮಾತಾಡುವ ಅಕ್ಕಲಕೋಟೆ, ದಕ್ಷಿಣ ಸೋಲಾಪುರದ ಟ್ರಸ್ಟುಗಳು 1950ರ ಸಾರ್ವಜನಿಕ ಟ್ರಸ್ಟ್ ಕಾಯಿದೆಯ ಕೆಳಗೆ ಬರುತ್ತವೆ. ಅಲ್ಲಿ ಚಾರಿಟಿ ಕಮಿಷನರ್ ಎಂಬ ಅಧಿಕಾರಿ ಇದ್ದಾರೆ. ಟ್ರಸ್ಟ್ ಅವರಲ್ಲಿ ನೋಂದಣಿಯಾಗಬೇಕು, ಟ್ರಸ್ಟಿ ಬದಲಾದರೆ ತಿಳಿಸಬೇಕು, ಲೆಕ್ಕ ಪರಿಶೋಧನೆ ಮಾಡಿಸಬೇಕು, ಜಮೀನು ಮಾರಬೇಕಾದರೆ ಮೊದಲೇ ಅನುಮತಿ ಬೇಕು. ಅಲ್ಲಿನ ಕಡತಗಳೂ ಬೇಗ ಸರಿಯುವುದಿಲ್ಲ ಎನ್ನುವುದು ಆ ಕಚೇರಿಗಳಿಗೆ ಅಲೆದವರಿಗೆಲ್ಲ ಗೊತ್ತು. ಆದರೂ ಸಾಮಾನ್ಯ ಮನುಷ್ಯ ಅರ್ಜಿ ಹಿಡಿದು ಹೋಗಲು ಒಂದು ಬಾಗಿಲಿದೆ.

ಆ ಬಾಗಿಲು ಒಂದು ಕಾಲದಲ್ಲಿ ಬೆಳಗಾವಿ, ವಿಜಯಪುರ, ಧಾರವಾಡ, ಕಾರವಾರದ ಜನರಿಗೂ ಇತ್ತು, ಏಕೆಂದರೆ ಮುಂಬೈ ಪ್ರಾಂತ್ಯದ ಆ ಕಾಯಿದೆ ಅಲ್ಲೂ ಜಾರಿಯಲ್ಲಿತ್ತು. ಸುರಪುರ, ಶಹಾಪುರ, ಯಾದಗಿರಿ ಇದ್ದದ್ದು ನಿಜಾಮರ ರಾಜ್ಯದಲ್ಲಿ; ಅಲ್ಲಿ 1349 ಫಸಲಿಯ, ಅಂದರೆ 1939-40ರ ಸುಮಾರಿನ, ದತ್ತಿ ನಿಯಮಗಳು ನಡೆಯುತ್ತಿದ್ದವು. ಹಳೆ ಮೈಸೂರಿಗೆ 1927ರ ಕಾಯಿದೆ, ದಕ್ಷಿಣ ಕನ್ನಡ ಮತ್ತು ಬಳ್ಳಾರಿಗೆ ಮದ್ರಾಸಿನದು, ಕೊಡಗಿಗೆ ಇನ್ನೊಂದು. ಇವೆಲ್ಲವನ್ನು ಒಟ್ಟುಗೂಡಿಸಲು 1997ರಲ್ಲಿ ಕರ್ನಾಟಕ ಹಿಂದೂ ಧಾರ್ಮಿಕ ಸಂಸ್ಥೆಗಳು ಮತ್ತು ಧರ್ಮಾದಾಯ ದತ್ತಿಗಳ ಕಾಯಿದೆ ಬಂತು, 2003ರ ಮೇ 1ರಿಂದ ಜಾರಿಯಾಯಿತು. ಏಕರೂಪ ತರುವ ಉದ್ದೇಶ ಒಳ್ಳೆಯದೇ. ಆದರೆ ಹೊಸ ಕಾಯಿದೆಯ ಗಮನವೆಲ್ಲ ಮುಜರಾಯಿ ಪಟ್ಟಿಯ ದೇವಸ್ಥಾನಗಳ ಮೇಲೆ. ಶಾಲೆ, ಆಸ್ಪತ್ರೆ, ವೃದ್ಧಾಶ್ರಮ ನಡೆಸುವ ಟ್ರಸ್ಟುಗಳನ್ನು ನೋಡಿಕೊಳ್ಳುವವರು ಇದರಿಂದ ಸಿಗಲಿಲ್ಲ. ಹಳೆಯ ಮನೆ ಕೆಡವಿ ಹೊಸದು ಕಟ್ಟುವಾಗ ಒಂದು ಕೋಣೆಯನ್ನೇ ಬಿಟ್ಟುಬಿಟ್ಟಂತಾಯಿತು. ಈ ಬರಹ ಹೊರಿಸುವ ಮುಖ್ಯ ಆಕ್ಷೇಪ ಇದೇ.

ಆ ಕಾಯಿದೆಯ ಬಾಳೂ ನೆಟ್ಟಗೆ ನಡೆಯಲಿಲ್ಲ. 2006ರ ಸೆಪ್ಟೆಂಬರಿನಲ್ಲಿ ಉಪ್ಪಿನಂಗಡಿಯ ಸಹಸ್ರಲಿಂಗೇಶ್ವರ ದೇವಸ್ಥಾನದ ಪ್ರಕರಣದಲ್ಲಿ ಹೈಕೋರ್ಟು ಅದನ್ನು ಅಸಿಂಧು ಎಂದಿತು. ಮಠಗಳನ್ನೂ ಮಠಗಳಿಗೆ ಸೇರಿದ ದೇವಸ್ಥಾನಗಳನ್ನೂ ಹೊರಗಿಟ್ಟು ಉಳಿದವನ್ನು ಮಾತ್ರ ಸರಕಾರದ ಕೈಗೆ ಕೊಟ್ಟದ್ದು ತಾರತಮ್ಯ ಎನ್ನುವುದು ಆ ತೀರ್ಪಿನ ಒಂದು ಮುಖ್ಯ ಕಾರಣ. ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು, 2011ರಲ್ಲಿ ತಿದ್ದುಪಡಿ ಬಂತು, ಸುಮಾರು 34 ಸಾವಿರ ದೇವಸ್ಥಾನಗಳ ಆಡಳಿತ ಹೀಗೆ ಸಾಗಿಬಂತು. 2024ರ ಫೆಬ್ರವರಿಯಲ್ಲಿ ಹೆಚ್ಚು ವರಮಾನದ ದೇವಸ್ಥಾನಗಳಿಂದ ಸಾಮಾನ್ಯ ನಿಧಿಗೆ ಎಷ್ಟು ಪಾಲು ಹೋಗಬೇಕು ಎಂಬ ಮಸೂದೆ ವಿಧಾನ ಪರಿಷತ್ತಿನಲ್ಲಿ ಒಮ್ಮೆ ಬಿದ್ದು, ಅದೇ ತಿಂಗಳು ಮತ್ತೆ ಒಪ್ಪಿಗೆ ಪಡೆಯಿತು. ಆಗ ರಾಜ್ಯವೆಲ್ಲ ಹುಂಡಿ ಹಣದ ಬಗ್ಗೆ ಚರ್ಚಿಸಿತು. ಹುಂಡಿಯೇ ಇಲ್ಲದ ಸಾವಿರಾರು ಧರ್ಮಾರ್ಥ ಟ್ರಸ್ಟುಗಳ ವಿಷಯ ಅಲ್ಲಿ ಬರಲಿಲ್ಲ.

ಮಠಗಳ ಪ್ರಶ್ನೆ ಇನ್ನೂ ಜಟಿಲ. ಮಠಾಧಿಪತಿಯನ್ನು ಟ್ರಸ್ಟಿ ಎನ್ನಬಹುದೇ? 1921ರಲ್ಲಿ ಪ್ರಿವಿ ಕೌನ್ಸಿಲ್ ಆಗದು ಎಂದಿತ್ತು. ಇಂಗ್ಲಿಷ್ ಕಾನೂನಿನ ಅಳತೆಯ ಟ್ರಸ್ಟಿ ಅವನಲ್ಲ, ಆದರೂ ಆಸ್ತಿಯನ್ನು ಹಾಳುಮಾಡಿದರೆ ಹೊಣೆ ತಪ್ಪದು. ಮುಂದೆ 1954ರಲ್ಲಿ ಉಡುಪಿಯ ಶಿರೂರು ಮಠದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಅದರ ಹಿನ್ನೆಲೆ ತುಂಬ ಮಾನವೀಯವಾದದ್ದು. ಅಷ್ಟಮಠಗಳಲ್ಲಿ ಸರದಿಯಂತೆ ಎರಡು ವರ್ಷಕ್ಕೊಮ್ಮೆ ಬದಲಾಗುವ ಪರ್ಯಾಯದಲ್ಲಿ ಕೃಷ್ಣನ ಪೂಜೆಯ ಜೊತೆಗೆ ಬಂದವರಿಗೆಲ್ಲ ಊಟ ಹಾಕುವ ಹೊಣೆಯೂ ಸ್ವಾಮಿಗಳದು. ಆ ಖರ್ಚಿನಿಂದ ಮಠಕ್ಕೆ ಸಾಲವಾಯಿತು, ಮದ್ರಾಸಿನ ದತ್ತಿ ಮಂಡಳಿ ಆಡಳಿತಕ್ಕೆ ಕೈಹಾಕಿತು, ಸ್ವಾಮಿಗಳು ಕೋರ್ಟಿಗೆ ಹೋದರು. ಮಠಾಧಿಪತ್ಯದಲ್ಲಿ ಅಧಿಕಾರವೂ ಇದೆ, ಆಸ್ತಿಯ ಹಕ್ಕೂ ಬೆರೆತಿದೆ. ಧರ್ಮದ ಆಚರಣೆಯಲ್ಲಿ ಸರಕಾರ ಕೈಹಾಕುವಂತಿಲ್ಲ, ಆಸ್ತಿಯ ಆಡಳಿತವನ್ನು ಕಾನೂನಿನಿಂದ ನಿಯಂತ್ರಿಸಬಹುದು ಎಂದು ಆ ತೀರ್ಪು ಗೆರೆ ಎಳೆಯಿತು. ಎಪ್ಪತ್ತು ವರ್ಷಗಳಿಂದ ದೇಶದ ಧಾರ್ಮಿಕ ದತ್ತಿಯ ವ್ಯಾಜ್ಯಗಳೆಲ್ಲ ಆ ಗೆರೆಯ ಸುತ್ತ ನಡೆದಿವೆ. ಗೋಕರ್ಣದ ಮಹಾಬಲೇಶ್ವರ ದೇವಸ್ಥಾನವೂ ಹಾಗೆಯೇ. 2008ರಲ್ಲಿ ಸರಕಾರ ಅದನ್ನು ರಾಮಚಂದ್ರಾಪುರ ಮಠಕ್ಕೆ ಒಪ್ಪಿಸಿತು, 2018ರಲ್ಲಿ ಹೈಕೋರ್ಟು ಆ ಆದೇಶ ರದ್ದುಮಾಡಿತು, 2021ರಲ್ಲಿ ಸುಪ್ರೀಂ ಕೋರ್ಟು ನಿವೃತ್ತ ನ್ಯಾಯಮೂರ್ತಿ ಬಿ. ಎನ್. ಶ್ರೀಕೃಷ್ಣ ಅವರ ನೇತೃತ್ವದ ಸಮಿತಿಯ ಕೈಗೆ ಉಸ್ತುವಾರಿ ಕೊಟ್ಟಿತು.

ದೇವಸ್ಥಾನದಲ್ಲಿ ದೇವರೇ ಆಸ್ತಿಯ ಒಡೆಯ. ಆದರೆ ಆ ಒಡೆಯ ಕಾನೂನಿನ ಕಣ್ಣಿಗೆ ಯಾವತ್ತೂ ಪ್ರಾಯಕ್ಕೆ ಬಾರದ ಮಗುವಿನಂತೆ, ಬೇರೆಯವರು ನೋಡಿಕೊಳ್ಳಬೇಕು. ವಕ್ಫ್‌ನಲ್ಲಿ ಆಸ್ತಿ ಅಲ್ಲಾಹನಿಗೆ ಸೇರಿದ್ದು, ಮುತವಲ್ಲಿ ಬರಿಯ ಮೇಲ್ವಿಚಾರಕ. 1995ರ ಕಾಯಿದೆ ಪ್ರಕಾರ ಅವನು ವಕ್ಫ್ ಮಂಡಳಿಗೆ ಲೆಕ್ಕ ಕೊಡಬೇಕು. ಹಾಗೆಂದು ಅಲ್ಲೂ ಎಲ್ಲ ಸರಿಯಿದೆ ಎನ್ನುವಂತಿಲ್ಲ. 2024ರ ಅಕ್ಟೋಬರಿನಲ್ಲಿ ವಿಜಯಪುರ ಜಿಲ್ಲೆಯ ಹೊನವಾಡದ ರೈತರು ತಮ್ಮ ಹೊಲಗಳನ್ನು ವಕ್ಫ್ ಎಂದು ದಾಖಲಿಸಲಾಗುತ್ತಿದೆಯೆಂದು ಬೀದಿಗಿಳಿದರು, ನೋಟಿಸು ಹಿಂಪಡೆಯುವಂತೆ ಮುಖ್ಯಮಂತ್ರಿ ಸೂಚಿಸಬೇಕಾಯಿತು. ಮರುವರ್ಷ ಸಂಸತ್ತು ವಕ್ಫ್ ಕಾಯಿದೆಯನ್ನೇ ವ್ಯಾಪಕವಾಗಿ ತಿದ್ದಿತು, ಅದೂ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಇನ್ನು ಕೃಷ್ಣೆಯ ದಂಡೆಯ ತಿಂಥಣಿಯ ಮೌನೇಶ್ವರ, ಕೊಡೇಕಲ್ಲಿನ ಬಸವಣ್ಣನಂಥ ಕ್ಷೇತ್ರಗಳಲ್ಲಿ ಹಿಂದೂ, ಮುಸ್ಲಿಂ ಎರಡೂ ಸಂಪ್ರದಾಯ ಬೆರೆತಿವೆ. ಭಕ್ತರಿಗೆ ಅದು ಸಹಜ. ಒಂದು ದತ್ತಿ ಒಂದೇ ಧರ್ಮದ ಕಾಯಿದೆಗೆ ಸೇರಬೇಕೆಂಬ ಕಾನೂನಿನ ಕಪಾಟಿನಲ್ಲಿ ಇಂಥವಕ್ಕೆ ಹೇಳಿಮಾಡಿಸಿದ ಖಾನೆ ಇಲ್ಲ.

ಜನ ಟ್ರಸ್ಟ್ ಎನ್ನುವ ಹಲವು ಸಂಸ್ಥೆಗಳು ನಿಜವಾಗಿ ಸಂಘಗಳು. ಕಲಬುರಗಿಯ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆಯಂಥ ಸಂಘಗಳಲ್ಲಿ ಸದಸ್ಯರಿದ್ದಾರೆ, ಚುನಾವಣೆ ಇದೆ, ಸೋತವರು ಗೆದ್ದವರ ಲೆಕ್ಕ ಕೆದಕುತ್ತಾರೆ. 1960ರ ಸಂಘಗಳ ನೋಂದಣಿ ಕಾಯಿದೆಯಡಿ ರಿಜಿಸ್ಟ್ರಾರರಿಗೆ ವಿಚಾರಣೆಯ ಅಧಿಕಾರವೂ ಇದೆ. ಸಂಘದ ಗದ್ದಲಕ್ಕೆ ಬೇಸತ್ತು ನಮಗೆ ಟ್ರಸ್ಟೇ ವಾಸಿ ಎನ್ನುವವರು ಬಹಳ. ಆ ಗದ್ದಲದಲ್ಲೇ ಒಂದು ಬಗೆಯ ತಪಾಸಣೆ ನಡೆಯುತ್ತಿತ್ತು ಎಂಬುದನ್ನು ಅವರು ಗಮನಿಸುವುದಿಲ್ಲ.

ಸುರಪುರ ಸೀಮೆಗೆ ಟ್ರಸ್ಟ್ ಹಣದ ಒಳ್ಳೆಯ ಮುಖವೂ ಗೊತ್ತು. 2000ರ ದಶಕದ ಮಧ್ಯದಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಇಲ್ಲಿನ ಸರಕಾರಿ ಶಾಲೆಗಳಲ್ಲಿ ಮಕ್ಕಳಸ್ನೇಹಿ ಶಾಲೆ ಕಾರ್ಯಕ್ರಮ ನಡೆಸಿತು, ಯಾದಗಿರಿಯಲ್ಲಿ ನೆಲೆಯೂರಿ ಶಿಕ್ಷಕರ ಜೊತೆ ಕೆಲಸ ಮುಂದುವರಿಸಿತು. ಆ ಕೆಲಸದ ಬೆನ್ನಿಗಿರುವುದು ಪ್ರೇಮ್‌ಜಿ ಮರಳಿ ಪಡೆಯಲಾಗದಂತೆ ಬಿಟ್ಟುಕೊಟ್ಟ ಷೇರುಗಳು. 2010ರಲ್ಲಿ ಒಂದು ದೊಡ್ಡ ಪಾಲು, 2019ರ ಮಾರ್ಚಿನಲ್ಲಿ ವಿಪ್ರೋದ ಮತ್ತೆ ಶೇ. 34ರಷ್ಟು ಷೇರುಗಳ ಫಲ, ಆಗಿನ ಬೆಲೆಯಲ್ಲಿ 52,750 ಕೋಟಿ ರೂಪಾಯಿ. ಒಟ್ಟು ದತ್ತಿ ಸುಮಾರು 1,45,000 ಕೋಟಿಗೆ ಮುಟ್ಟಿತು. ಕೊಟ್ಟವರೇ ವಾಪಸು ತೆಗೆದುಕೊಳ್ಳಲಾರದ ಹಾಗೆ ಹಣವನ್ನು ಉದ್ದೇಶಕ್ಕೆ ಕಟ್ಟಿಹಾಕುವ ಶಕ್ತಿ ಟ್ರಸ್ಟಿನದು. ಅದು ಪ್ರಾಮಾಣಿಕವಾಗಿ ಬಳಕೆಯಾದರೆ ಎಷ್ಟು ದೂರ ಮುಟ್ಟುತ್ತದೆ ಎಂಬುದಕ್ಕೆ ಬೆಂಗಳೂರಿನಿಂದ ಅಷ್ಟು ದೂರದ ಈ ತಾಲೂಕಿನ ಶಾಲಾ ಕೋಣೆಗಳು ಸಾಕ್ಷಿ. ಆದರೆ ಈ ಒಳಿತು ಕೊಟ್ಟವರ ಗುಣದಿಂದ ಬಂದದ್ದು. ಕೊಟ್ಟವರ ಗುಣವನ್ನು ನೆಚ್ಚಿ ಕಾನೂನು ಸುಮ್ಮನೆ ಕೂಡುವಂತಿಲ್ಲ.

ಸದ್ಯಕ್ಕೆ ಎಲ್ಲ ಧರ್ಮಾರ್ಥ ಟ್ರಸ್ಟುಗಳ ಲೆಕ್ಕ ಕೇಳುವ ಒಂದೇ ಗಟ್ಟಿ ಇಲಾಖೆ ಆದಾಯ ತೆರಿಗೆಯದು. ವಿನಾಯಿತಿ ಬೇಕಾದರೆ ಅಲ್ಲಿ ನೋಂದಣಿ ಬೇಕು, ಆದಾಯದ ಶೇ. 85ರಷ್ಟನ್ನು ಉದ್ದೇಶಕ್ಕೆ ಬಳಸಬೇಕು, ಟ್ರಸ್ಟಿಗಳ ಮನೆಯವರಿಗೆ ಲಾಭ ಹೋಗಬಾರದು. ನಿಯಮಗಳು ಚೂಪಾಗಿವೆ. ಆದರೆ ಆ ಇಲಾಖೆ ಹುಡುಕುವುದು ಸರಕಾರಕ್ಕೆ ಬರಬೇಕಾದ ತೆರಿಗೆಯನ್ನು. ತಪ್ಪು ಸಿಕ್ಕರೆ ತೆರಿಗೆ ಹಾಕುತ್ತದೆ, ವಿನಾಯಿತಿ ಕೀಳುತ್ತದೆ. ಟ್ರಸ್ಟಿಯನ್ನು ಬದಲಿಸುವುದಾಗಲಿ, ಕೈತಪ್ಪಿದ ಹೊಲವನ್ನು ಶಾಲೆಗೆ ಮರಳಿ ಕೊಡಿಸುವುದಾಗಲಿ ಅದರ ಕೆಲಸವಲ್ಲ.

ಪತ್ರಗಳ ವಿಷಯಕ್ಕೆ ಬಂದರೆ ಪರಿಸ್ಥಿತಿ ಕಳವಳ ಹುಟ್ಟಿಸುತ್ತದೆ. ಹಳ್ಳಿಯ ಧರ್ಮಾರ್ಥ ಟ್ರಸ್ಟಿನ ಪತ್ರ ಸಾಮಾನ್ಯವಾಗಿ ಹೀಗಿರುತ್ತದೆ: ಛಾಪಾ ಕಾಗದದ ಮೇಲೆ ಮೊದಲು ದೇವರ ಸ್ಮರಣೆ, ಮೂಲಧನವೆಂದು ಒಂದೆರಡು ಸಾವಿರ ರೂಪಾಯಿ, ಆಮೇಲೆ ಭೂಮಿಯ ಮೇಲಿನ ಸಕಲ ಸತ್ಕಾರ್ಯಗಳನ್ನೂ ಒಳಗೊಂಡ ಉದ್ದೇಶಗಳು. ಸಂಸ್ಥಾಪಕರು ಆಜೀವ ಅಧ್ಯಕ್ಷರು, ಅವರ ನಂತರ ಹಿರಿಯ ಮಗ, ಟ್ರಸ್ಟಿಗಳು ಹೆಂಡತಿ, ಭಾವ, ಅಳಿಯ. ಸಭೆ ವರ್ಷಕ್ಕೆ ಎಷ್ಟು ಸಾರಿ, ಕೋರಂ ಎಷ್ಟು, ಜಮೀನು ಮಾರಲು ಎಷ್ಟು ಜನರ ಒಪ್ಪಿಗೆ ಬೇಕು, ಇವುಗಳ ಬಗ್ಗೆ ಒಂದೂ ಮಾತಿಲ್ಲ. ಟ್ರಸ್ಟ್ ನಿಂತುಹೋದರೆ ಆಸ್ತಿ ಎಲ್ಲಿಗೆ ಹೋಗಬೇಕು ಎಂಬುದೂ ಇಲ್ಲ. ನೋಂದಣಿ ಕಚೇರಿಯಲ್ಲಿ ಮುದ್ರಾಂಕ ಶುಲ್ಕ, ಗುರುತಿನ ಚೀಟಿ, ಸಾಕ್ಷಿ ನೋಡುತ್ತಾರೆ; ಬರಹದ ಒಳಗಣ ನ್ಯಾಯ ನೋಡುವುದು ನೋಂದಣಿಯ ಕೆಲಸವಲ್ಲ. ಹತ್ತು ವರ್ಷದ ಮೇಲೆ ಶಾಲೆ ಬೆಳೆದು ಜಾಗಕ್ಕೆ ಕೋಟಿ ಬೆಲೆ ಬಂದಾಗ ಪತ್ರದ ಆ ಖಾಲಿ ಜಾಗಗಳೇ ದಾವೆಗಳಾಗುತ್ತವೆ.

ಜಮೀನಿನ ನಿಯಮ ಸಡಿಲವಾದ ಮೇಲೆ ಇದು ಇನ್ನೂ ಗಂಭೀರ. ಭೂಸುಧಾರಣಾ ಕಾಯಿದೆಯ 79ಬಿ ಕಲಂ ಟ್ರಸ್ಟುಗಳು ಕೃಷಿಭೂಮಿ ಹೊಂದುವುದನ್ನು ಹೆಚ್ಚುಕಡಿಮೆ ತಡೆದಿತ್ತು. 2020ರ ತಿದ್ದುಪಡಿ ಅದನ್ನು ತೆಗೆದುಹಾಕಿತು. ಕಾಲುವೆ ನೀರು ಬಂದು ಹೊಲದ ಬೆಲೆ ಏರಿದ ನಾರಾಯಣಪುರ ಎಡದಂಡೆಯ ಊರುಗಳಲ್ಲಿ ಧರ್ಮದ ಹೆಸರಿನಲ್ಲಿ ಭೂಮಿ ಸೇರಿಸಲು ಈಗ ಅಡ್ಡಿ ಕಡಿಮೆ, ಸೇರಿದ ಭೂಮಿಯನ್ನು ಗಮನಿಸುವ ಅಧಿಕಾರಿ ಮಾತ್ರ ಇಲ್ಲ.

ಜಲಾಶಯದ ಊರಿನವರಿಗೆ ಇನ್ನೊಂದು ಪಾಠವೂ ಗೊತ್ತಿರಬೇಕು. ಯೋಜನೆಗೆಂದು ಗುಡಿಯ ಇನಾಮು ಹೊಲವೋ ದರ್ಗಾದ ಜಾಗವೋ ಮುಳುಗಡೆಯಾದಾಗ ಪರಿಹಾರದ ಹಣ ಯಾರ ಕೈಗೆ ಹೋಗಬೇಕು? ಪೂಜಾರಿಯೋ ಮುತವಲ್ಲಿಯೋ ಅದರ ಒಡೆಯನಲ್ಲ, ಮಾರುವ ಹಕ್ಕು ಅವನಿಗಿಲ್ಲ. ಹಾಗಾಗಿ 1894ರ ಭೂಸ್ವಾಧೀನ ಕಾಯಿದೆಯ 32ನೇ ಕಲಂ ಅಂಥ ಹಣವನ್ನು ನ್ಯಾಯಾಲಯದಲ್ಲಿಟ್ಟು ಬೇರೆ ಜಮೀನಿಗೋ ಭದ್ರ ಠೇವಣಿಗೋ ಹಾಕಿಸಬೇಕೆಂದಿತ್ತು. 2013ರ ಹೊಸ ಕಾಯಿದೆಯೂ ಆ ಏರ್ಪಾಡನ್ನು ಉಳಿಸಿಕೊಂಡಿದೆ. ಆಲಮಟ್ಟಿ ಅಣೆಕಟ್ಟಿನ ಎತ್ತರವನ್ನು 524.256 ಮೀಟರಿಗೆ ಏರಿಸುವ ಮಾತು ಮುಂದುವರಿದಿರುವಾಗ ಕೃಷ್ಣಾ ಕಣಿವೆಯ ಊರುಗಳಿಗೆ ಇದು ಬರಿಯ ಚರಿತ್ರೆಯಲ್ಲ. ಟ್ರಸ್ಟ್ ಕಾನೂನು ಇಲ್ಲಿ ದೇವರ ಪರವಾಗಿ ಎಚ್ಚರದಿಂದ ಯೋಚಿಸಿದೆ, ಮೆಚ್ಚಬೇಕು. ಆ ಕಲಮು ಇದೆ ಎಂದು ಊರಿನವರು ಬಾಯಿಬಿಟ್ಟು ಹೇಳಿದರೆ ಮಾತ್ರ ಅದು ಕೆಲಸಕ್ಕೆ ಬರುತ್ತದೆ.

ನೀರಿನ ವಿಷಯದಲ್ಲೂ ಸುಪ್ರೀಂ ಕೋರ್ಟ್ ಟ್ರಸ್ಟಿನ ತತ್ವವನ್ನೇ ಬಳಸಿದೆ. 1996ರ ಕಮಲನಾಥ್ ಪ್ರಕರಣದಲ್ಲಿ ನದಿ, ಕಾಡು, ಕಡಲತೀರಗಳಿಗೆ ಸರಕಾರ ಒಡೆಯನಲ್ಲ, ಜನರ ಪರವಾಗಿ ಟ್ರಸ್ಟಿ ಎಂದಿತು. ಬಸವಸಾಗರದ 33 ಟಿಎಂಸಿ ನೀರಿಗೂ ಆ ಮಾತು ಅನ್ವಯಿಸುತ್ತದೆ. ಕಾಲುವೆಯ ಕೊನೆಯಂಚಿನ ಶಹಾಪುರದ ರೈತ ನೀರು ಬರಲಿಲ್ಲವೆಂದು ರಸ್ತೆಯಲ್ಲಿ ಕೂತಾಗ ಅವನು ಫಲಾನುಭವಿಯಾಗಿ ಲೆಕ್ಕ ಕೇಳುತ್ತಿದ್ದಾನೆ.

ಕರ್ನಾಟಕಕ್ಕೆ ಬೇಕಿರುವುದು ಎಲ್ಲ ಧರ್ಮಗಳ, ಎಲ್ಲ ಬಗೆಯ ಸಾರ್ವಜನಿಕ ಟ್ರಸ್ಟುಗಳಿಗೆ ಅನ್ವಯಿಸುವ ಒಂದು ಕಾಯಿದೆ. ಮುಜರಾಯಿಯಂತೆ ಆಡಳಿತವನ್ನೇ ಕೈಗೆ ತೆಗೆದುಕೊಳ್ಳುವ ಕಾಯಿದೆ ಬೇಡ. ಜಿಲ್ಲೆಗೊಂದು ಬಹಿರಂಗ ದಾಖಲೆ ಪುಸ್ತಕ, ಅದರಲ್ಲಿ ಟ್ರಸ್ಟಿನ ಪತ್ರ, ಟ್ರಸ್ಟಿಗಳ ಹೆಸರು, ಜಮೀನಿನ ಸರ್ವೆ ನಂಬರು, ವರ್ಷದ ಜಮಾಖರ್ಚು ಇದ್ದರೆ ಅರ್ಧ ಕೆಲಸ ಮುಗಿಯಿತು. ಸ್ಥಿರಾಸ್ತಿ ಮಾರುವ ಮುಂಚೆ ಊರಿಗೆ ನೋಟಿಸು, ತಕರಾರು ಕೇಳಲು ಜಿಲ್ಲೆಯಲ್ಲೇ ಒಬ್ಬ ಅಧಿಕಾರಿ. 1950ರ ಮುಂಬೈ ಕಾಯಿದೆಯಲ್ಲಿ ಇದರ ಬಹುಪಾಲು ಇತ್ತು, ಅರ್ಧ ಕರ್ನಾಟಕದಲ್ಲಿ ಅಲ್ಲದಿದ್ದರೂ ನಾಲ್ಕು ಜಿಲ್ಲೆಗಳಲ್ಲಿ ಅದರ ಅನುಭವವೂ ಇತ್ತು.

ಆ ಕಾಯಿದೆ ಬರುವ ತನಕ ಪತ್ರ ಬರೆಸುವವರೇ ಕೆಲವನ್ನು ಸೇರಿಸಿಕೊಳ್ಳಬಹುದು. ಜಾತ್ರೆ ಮುಗಿದ ಮೇಲೆ ಕಟ್ಟೆಯ ಮೇಲೆ ಕೂತು ಜಮಾಖರ್ಚು ಓದಿ ಹೇಳುವ ರೂಢಿ ಈ ಸೀಮೆಯ ಹಳ್ಳಿಗಳಿಗೆ ಹೊಸದಲ್ಲ. ಪ್ರತಿವರ್ಷ ಗ್ರಾಮಸಭೆಯಲ್ಲಿ ಲೆಕ್ಕ ಓದಬೇಕು, ಕುಟುಂಬದವರಲ್ಲದ ಇಬ್ಬರು ಟ್ರಸ್ಟಿಗಳಿರಬೇಕು, ಊರಿನ ಶಾಲಾ ಸಮಿತಿಯ ಅಧ್ಯಕ್ಷರಿಗೆ ಪುಸ್ತಕ ನೋಡುವ ಹಕ್ಕಿರಬೇಕು, ಹೊಲ ಮಾರಲು ಎಲ್ಲರ ಸಹಿ ಬೇಕು ಎಂಬ ನಾಲ್ಕು ಸಾಲುಗಳನ್ನು ಸುರಪುರದ ನೋಂದಣಿ ಕಚೇರಿಗೆ ಹೋಗುವ ಮುಂಚೆ ಪತ್ರದಲ್ಲಿ ಬರೆಸಿದರೆ ಅವುಗಳಿಗೆ ಕಾನೂನಿನ ಬಲ ಅಂದೇ ಬರುತ್ತದೆ, ಮತ್ತು ಮುಂದೆ ಯಾರಾದರೂ ಇಬ್ಬರು 92ನೇ ಕಲಮಿನಡಿ ಯಾದಗಿರಿಗೆ ಹೋಗಬೇಕಾಗಿ ಬಂದರೆ ನ್ಯಾಯಾಧೀಶರ ಮುಂದೆ ಇಡಲು ಅವರ ಕೈಯಲ್ಲಿ ಒಂದು ಕಾಗದವಾದರೂ ಇರುತ್ತದೆ.